ಮುಸ್ಸಂಜೆಯ ಹೂವು ಮತ್ತು ಲೋಟ: ಬಳಕೆದಾರರ ಕೈಪಿಡಿ

ಮೊದಲು ಇದನ್ನು ಓದಿ

ಈ ಉಪಕರಣವನ್ನು ಆರಿಸಿಕೊಂಡದ್ದಕ್ಕೆ ವಂದನೆಗಳು. ಒಂದು ಹಿಡಿ ಹೂವು, ಕುಡಿಯುವುದಕ್ಕೆ ಏನಾದರೂ ಒಂದು ಲೋಟ, ಹೊತ್ತು ಮುಳುಗಿದ ಮೇಲಿನ ಇಪ್ಪತ್ತು ಚಿಲ್ಲರೆ ನಿಮಿಷ: ಬಿಡಿಭಾಗಗಳು ಇಷ್ಟೇ. ತಂತಿ ಇಲ್ಲ, ಪ್ಲಗ್ಗು ಇಲ್ಲ, ಇಎಂಐ ಇಲ್ಲ. ಆದರೂ ಕೈಪಿಡಿ ಬೇಕಾಯಿತು, ಯಾಕೆಂದರೆ ನಮ್ಮ ಮನೆಗಳಲ್ಲಿ ಈ ಮೂರಕ್ಕೂ ಬೇರೆ ವಾರಸುದಾರರಿದ್ದಾರೆ. ಹೂವು ದೇವರಿಗೆ, ಅಲ್ಲಿ ಮಿಕ್ಕದ್ದು ಜಡೆಗೆ. ಲೋಟದಲ್ಲಿರುವುದು ನೇರ ಗಂಟಲಿಗೆ. ಮುಸ್ಸಂಜೆಯಂತೂ ದೀಪ ಹಚ್ಚುವುದಕ್ಕೆ, ಒಣಗಿದ ಬಟ್ಟೆ ಒಳಗೆ ತರುವುದಕ್ಕೆ, ಸೊಳ್ಳೆ ಬರುವ ಮೊದಲು ಕಿಟಕಿ ಮುಚ್ಚುವುದಕ್ಕೆ, ಧಾರಾವಾಹಿಗೆ. ಸುಮ್ಮನೆ ನೋಡುತ್ತ ಕೂರಲಿಕ್ಕೆಂದು ಯಾವುದನ್ನೂ ಯಾರೂ ತೆಗೆದಿಟ್ಟಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಜೋಡಣೆಯಲ್ಲ, ಮನೆಯವರ ಕೈಯಿಂದ ಬಿಡಿಸಿಕೊಳ್ಳುವುದು.

ಇನ್ನೊಂದು ಮಾತು. ಇದನ್ನು ಮೇಜಿನ ಅಲಂಕಾರ ಎಂದುಕೊಂಡು ಕೊಂಡವರಿಗೆ ಹಣ ವಾಪಸು ಇಲ್ಲ. ಇದು ಓಡುವ ಯಂತ್ರ. ಹೂವು ಅರಳುತ್ತಿರುತ್ತದೆ, ಲೋಟ ಬೆವರುತ್ತಿರುತ್ತದೆ, ಬೆಳಕು ಇಳಿಯುತ್ತಿರುತ್ತದೆ. ಕದಲದೆ ಕೂರಬೇಕಾದವರು ನೀವು.

ಇಲ್ಲಿ ವಿವರಿಸಿರುವುದು ಕರಾವಳಿ ಮಾದರಿ, ಮೇ ತಿಂಗಳ ಆವೃತ್ತಿ: ಸಂಜೆಮಲ್ಲಿಗೆ, ಪುನರ್ಪುಳಿ ಶರಬತ್ತು, ಜಗಲಿ. ಉಳಿದ ಮಾದರಿಗಳ ಸಂಗತಿ ಮುಂದೆ ಚುಟುಕಾಗಿ ಬರುತ್ತದೆ.

ಹೂವು

ಸಂಜೆಮಲ್ಲಿಗೆ ಕೊಳ್ಳಲು ಸಿಗದು. ಪೇಟೆಯಲ್ಲಿ ಮೊಳದ ಲೆಕ್ಕಕ್ಕೂ ಇಲ್ಲ, ಶಂಕರಪುರದ ಮಲ್ಲಿಗೆಯ ಹಾಗೆ ಅಟ್ಟೆಯ ಲೆಕ್ಕಕ್ಕೂ ಇಲ್ಲ. ಬಚ್ಚಲ ನೀರು ಹರಿಯುವಲ್ಲಿ, ಬೇಲಿಯ ಬುಡದಲ್ಲಿ, ಯಾರೂ ನೆಡದೆ ಎದ್ದುಬರುತ್ತದೆ. ಕರಿಮೆಣಸಿನಂಥ ಬೀಜ ಉದುರಿಸಿ ಮರುವರ್ಷದ ಏರ್ಪಾಟನ್ನೂ ತಾನೇ ಮಾಡಿಕೊಳ್ಳುತ್ತದೆ. ಮೂಲ ಅಮೆರಿಕ ಖಂಡದ ಉಷ್ಣ ಸೀಮೆ. ಹೆಸರಿನಲ್ಲಿ ಮಲ್ಲಿಗೆ ಇದ್ದರೂ ನೆಂಟಸ್ತನ ಕಾಗದದ ಹೂವಿನ ಕಡೆಗೆ. ಬೋಗನ್‌ವಿಲ್ಲದ ಕುಟುಂಬದ್ದೇ ಇದು. ನಾವು ಎಸಳು ಎಂದು ನೋಡುವುದು ಎಸಳೇ ಅಲ್ಲ, ಬಣ್ಣ ಬಳಿದುಕೊಂಡ ಪುಷ್ಪಪಾತ್ರೆ. ನಿಜವಾದ ದಳ ಈ ಹೂವಿಗೆ ಇಲ್ಲವೇ ಇಲ್ಲ. ಒಂದೇ ಗಿಡದಲ್ಲಿ ಗಾಢ ಗುಲಾಬಿ, ಹಳದಿ, ಎರಡೂ ಸಿಡಿದು ಬೆರೆತವು, ಒಮ್ಮೊಮ್ಮೆ ಒಂದೇ ಹೂವಿನಲ್ಲಿ ಅರ್ಧ ಅದು ಅರ್ಧ ಇದು. ಆನುವಂಶಿಕತೆಯ ಶಾಸ್ತ್ರಕ್ಕೂ ಈ ಬೇಲಿಗಿಡದ ಋಣವಿದೆ: ಎಲೆಯ ಮೇಲಿನ ಬಿಳಿ-ಹಸಿರು ಮಚ್ಚೆ ತಂದೆಗಿಡವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ತಾಯಿಗಿಡದಿಂದ ಮಾತ್ರ ಮರಿಗೆ ಬರುತ್ತದೆ ಎಂಬುದನ್ನು ಕಾರ್ಲ್ ಕಾರೆನ್ಸ್ 1909ರಲ್ಲಿ ತೋರಿಸಿದ್ದು ಇದರ ಮೇಲೆಯೇ.

ನಮ್ಮ ಕೆಲಸಕ್ಕೆ ಬೇಕಾದ ಗುಣ ಬೇರೆ. ಇದು ಸಂಜೆ ನಾಲ್ಕು-ಐದರ ಹೊತ್ತಿಗೆ ಬಿರಿದು ಬೆಳಗಾಗುತ್ತಲೇ ಮುದುಡುತ್ತದೆ. ಪರಿಮಳ ಬಿಡುವುದೂ ಕತ್ತಲಾಗುತ್ತ ಬಂದಂತೆ, ಯಾಕೆಂದರೆ ಅದು ಕಾಯುತ್ತಿರುವುದು ನಿಮ್ಮನ್ನಲ್ಲ, ಉದ್ದ ಸೊಂಡಿಲಿನ ಹಾಕ್ ಪತಂಗಗಳನ್ನು. ಅಂದರೆ ಬೇರೆ ಹೂಗಳು ದಣಿದು ನಿಂತ ಹೊತ್ತಿಗೆ ಇದರ ಪಾಳಿ ಶುರು. ಜೊತೆಗೆ ನಾಲ್ಕಾರು ಬಿಳಿ ದುಂಡುಮಲ್ಲಿಗೆಯ ಮೊಗ್ಗು ಬೇಕು. ಬೆಳಿಗ್ಗೆ ಬಿಡಿಸಿಟ್ಟ ಮೊಗ್ಗು ಸಂಜೆಯ ಮೇಲೆ ತಾನಾಗಿ ಬಿರಿಯುತ್ತದೆ. ಕಟ್ಟುವವರು ಬೆಳಗಿನ ಹೊತ್ತೇ ಕಟ್ಟಿ ಮುಗಿಸುವ ಗುಟ್ಟು ಅದು. ಚೀನಾದ ಫುಜೌ ಕಡೆ ಇದೇ ಮೊಗ್ಗನ್ನು ರಾತ್ರಿ ಚಹಾ ಎಲೆಯ ನಡುವೆ ಇಟ್ಟು, ಬಿರಿಯುವಾಗಿನ ಕಂಪನ್ನು ಎಲೆಗೆ ಹೀರಿಸುತ್ತಾರೆ. ಹೂವನ್ನು ಪಾನೀಯದ ಪಕ್ಕ ಇಡುವುದಕ್ಕಿಂತ ಒಳಕ್ಕೇ ಇಳಿಸಿಬಿಡುವ ಜಾಣತನ. ನಮಗೆ ಅಷ್ಟು ಆತುರ ಬೇಡ.

ಎಚ್ಚರಿಕೆ: ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬಾರದು, ಹೂವು ಕೀಳಬಾರದು ಎಂಬ ನಿಯಮ ಬಹುಪಾಲು ಮನೆಗಳಲ್ಲಿ ಜಾರಿಯಲ್ಲಿದೆ. ವಾದಕ್ಕಿಳಿಯದೆ ಆರು ಗಂಟೆಗೇ ಕಿತ್ತುಕೊಳ್ಳಿ.

ಪ್ಲಾಸ್ಟಿಕ್ ಹೂವು ಈ ಯಂತ್ರಕ್ಕೆ ಹೊಂದುವುದಿಲ್ಲ. ಟಿವಿ ಪಕ್ಕದ್ದನ್ನು ಅಲ್ಲೇ ಇರಲು ಬಿಡಿ.

ಲೋಟ

ಪುನರ್ಪುಳಿ, ಘಟ್ಟದ ಮೇಲೆ ಮುರುಗಲು. ಹಣ್ಣು ಏಪ್ರಿಲ್-ಮೇಯಲ್ಲಿ ಕೆಂಪಾಗುತ್ತದೆ. ಸಿಪ್ಪೆ ಬಿಡಿಸಿ ಅಂಗಳದಲ್ಲಿ ಒಣಗಿಸಿ, ಮಳೆ ಹಿಡಿಯುವ ಮುನ್ನ ಡಬ್ಬಿ ಸೇರಿಸುವುದು ಕರಾವಳಿಯ ಮನೆಗಳಲ್ಲಿ ವರ್ಷಾವಧಿ ಕೆಲಸ. ಏಳೆಂಟು ಸಿಪ್ಪೆ ಎರಡು-ಮೂರು ಗಂಟೆ ನೀರಿನಲ್ಲಿ ನೆನೆಯಲಿ. ಆಮೇಲೆ ಹಿಂಡಿ, ಸೋಸಿ, ಸಕ್ಕರೆ, ಚಿಟಿಕೆ ಉಪ್ಪು. ಸಿಪ್ಪೆಯನ್ನು ಎಸೆಯಬೇಡಿ, ಅದರ ವಿಲೇವಾರಿ ಕೊನೆಯಲ್ಲಿದೆ.

ಬೆಲ್ಲವೋ ಸಕ್ಕರೆಯೋ ಎಂಬ ಪ್ರಶ್ನೆಗೆ ಆರೋಗ್ಯದ ಪುಟಗಳಲ್ಲಿ ಒಂದು ಉತ್ತರ, ಇಲ್ಲಿ ಇನ್ನೊಂದು. ಬೆಲ್ಲ ಹಾಕಿದರೆ ರುಚಿ ಹೆಚ್ಚುತ್ತದೆ, ನಿಜ, ಬಣ್ಣ ಕೆಸರಾಗುತ್ತದೆ. ನಮಗೆ ಬೇಕಾದದ್ದು ಆಚೆಗಿನದು ಕಾಣುವ ಕೆಂಪು. ಆ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ಹುಳಿಯಿರುವ ತನಕ ಅದು ಕೆಂಪು. ನಂಬಿಕೆ ಬರದಿದ್ದರೆ ಒಂದು ಚಮಚ ಶರಬತ್ತಿಗೆ ಅಡುಗೆ ಸೋಡ ಉದುರಿಸಿ ನೋಡಿ, ಕಣ್ಣೆದುರಿಗೇ ಬಣ್ಣ ಪಕ್ಷಾಂತರ ಮಾಡುತ್ತದೆ. ಇಡೀ ಲೋಟಕ್ಕೆ ಹಾಕಬೇಡಿ. ತೆಂಗಿನ ಹಾಲು ಬೆರೆಸಿದ ಸೋಲ್‌ಕಡಿ ಊಟಕ್ಕೆ ಅಮೃತ, ಆದರೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳದು. ಈ ಕೆಲಸಕ್ಕೆ ಅನರ್ಹ.

ಪಾತ್ರೆ ಗಾಜಿನದೇ ಆಗಬೇಕು, ನೆಟ್ಟಗಿರಬೇಕು, ಮೈಮೇಲೆ ಹೂಬಳ್ಳಿಯ ಚಿತ್ರ ಇರಬಾರದು. ಮದುವೆಗೆ ಉಡುಗೊರೆ ಬಂದು ಷೋಕೇಸಿನಲ್ಲಿ ಕುಳಿತಿರುವ ಆರರ ಸೆಟ್ಟಿನಿಂದ ಒಂದನ್ನು ಹೊರತೆಗೆಯಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಹೂವಿಗೂ ಗಾಜೇ. ಹಿತ್ತಾಳೆ ಹೂದಾನಿ ಚೆಂದ, ಆದರೆ ಅರ್ಧ ವಿಷಯವನ್ನು ಮುಚ್ಚಿಡುತ್ತದೆ. ಈ ಮಾತಿಗೆ ಸಾಕ್ಷಿ ಪ್ಯಾರಿಸ್ಸಿನ ಎದುವಾರ್ ಮಾನೆ. 1883ರ ಏಪ್ರಿಲ್ 30ರಂದು ತೀರಿಕೊಳ್ಳುವ ಮೊದಲಿನ ತಿಂಗಳುಗಳಲ್ಲಿ, ದೊಡ್ಡ ಕ್ಯಾನ್ವಾಸಿನ ಮುಂದೆ ನಿಲ್ಲಲಾಗದಷ್ಟು ಕಾಯಿಲೆಯಾಗಿದ್ದಾಗ, ಗೆಳೆಯರು ತಂದುಕೊಟ್ಟ ಹೂಗಳನ್ನು ಸಣ್ಣ ಸಣ್ಣ ಚಿತ್ರಗಳಲ್ಲಿ ಬರೆದ. ಹಲವದರಲ್ಲಿ ಹೂದಾನಿ ಸ್ಫಟಿಕದ್ದು. ನೀರೊಳಗಿನ ಕಾಂಡಕ್ಕೆ ಆತ ಕೊಟ್ಟ ಗಮನ ಮೇಲಿನ ಎಸಳಿಗೆ ಕೊಟ್ಟದ್ದಕ್ಕಿಂತ ಕಡಿಮೆಯಲ್ಲ; ನನ್ನ ಕಣ್ಣಿಗೆ ಹೆಚ್ಚೇ.

ಜೋಡಣೆ

ಜಗಲಿಯಲ್ಲಿ ಪಶ್ಚಿಮಕ್ಕೋ ಅಂಗಳಕ್ಕೋ ಮುಖ ಮಾಡಿ ಕೂರಿ. ಮಾಡಿನ ಕೆಳಗೆ ಇರಬೇಕು, ಯಾಕೆಂಬುದು ಮುಂದೆ. ಮೇಜು ಇಲ್ಲದಿದ್ದರೆ ಸ್ಟೂಲು ಸಾಕು. ಮೇಲೆ ಬಿಳಿ ಬಟ್ಟೆ ಹಾಸಬೇಡಿ, ಹೋಟೆಲಾಗುತ್ತದೆ.

ಶರಬತ್ತಿನ ಲೋಟವನ್ನು ಮುಂದೆ, ಹೂವಿನ ಗ್ಲಾಸನ್ನು ಅದರ ಹಿಂದೆ ಒಂದು ಗೇಣು ದೂರಕ್ಕೆ, ಸ್ವಲ್ಪ ಎಡಕ್ಕೆ ಇಡಿ. ಈಗ ಲೋಟದ ಮೂಲಕ ನೋಡಿ: ಎಡಗಡೆಯ ಹೂವು ಲೋಟದೊಳಗೆ ಬಲಗಡೆ ಕಾಣಬೇಕು. ದ್ರವ ತುಂಬಿದ ದುಂಡು ಗಾಜು ಮಸೂರವಾಗಿ ಎಡಬಲ ಅದಲುಬದಲು ಮಾಡುತ್ತದೆ. ಅದಲುಬದಲಾಗದಿದ್ದರೆ ಹೂವನ್ನು ಇನ್ನಷ್ಟು ಹಿಂದಕ್ಕೆ ಸರಿಸಿ. ಮಕ್ಕಳಿದ್ದರೆ ಈ ಹಂತದಲ್ಲಿ ಹತ್ತು ನಿಮಿಷ ಹೆಚ್ಚಿಗೆ ಹಿಡಿಯಬಹುದು, ಅವರು ಹೂವು ಬಿಟ್ಟು ಪರಸ್ಪರರ ಮೂಗನ್ನು ನೋಡುತ್ತಾರೆ.

ಮೂರನೆಯ ವಸ್ತು ಬೇಕೇ ಎಂಬುದು ರುಚಿಗೆ ಬಿಟ್ಟದ್ದು. ಸಂದೇಹವಿದ್ದವರು ಶಾರ್ದಾಂನ ಉದಾಹರಣೆ ನೋಡಬಹುದು. ಫ್ರಾನ್ಸಿನ ಈ ಚಿತ್ರಕಾರ 1760ರ ಆಸುಪಾಸಿನಲ್ಲಿ ಒಂದು ಲೋಟ ನೀರನ್ನೂ ಒಂದು ಕಾಫಿ ಪಾತ್ರೆಯನ್ನೂ ಬರೆದ. ಪಕ್ಕಕ್ಕೆ ಇಟ್ಟದ್ದು ಬೆಳ್ಳುಳ್ಳಿ. ಗುಲಾಬಿಯಲ್ಲ, ಬೆಳ್ಳಿಯ ಚಮಚವಲ್ಲ, ಮೂರು ಗಡ್ಡೆ ಬೆಳ್ಳುಳ್ಳಿ. ಆ ಚಿತ್ರ ಇವತ್ತು ಪಿಟ್ಸ್‌ಬರ್ಗಿನ ಕಾರ್ನೆಗೀ ವಸ್ತುಸಂಗ್ರಹಾಲಯದಲ್ಲಿ ಮರ್ಯಾದೆಯಿಂದ ತೂಗುತ್ತಿದೆ. ಅದೇ ಶಾರ್ದಾಂ ಬರೆದು ನಮಗೆ ಉಳಿದಿರುವ ಹೂವಿನ ಚಿತ್ರ ಒಂದೇ ಒಂದು, ಎಡಿನ್‌ಬರೋದಲ್ಲಿದೆ. ನೀಲಿ-ಬಿಳಿ ಹೂದಾನಿಯಲ್ಲಿ ಅವನು ಇಟ್ಟ ಹೂಗಳಲ್ಲಿ ಒಂದು ನಮ್ಮ ಸುಗಂಧರಾಜ ಎಂಬುದನ್ನು ತಿಳಿದರೆ ಮದುವೆ ಮಂಟಪದ ಗುತ್ತಿಗೆದಾರರಿಗೆ ಸಂತೋಷವಾಗಬಹುದು.

ಚಾಲನೆ

ಮೇ ನಡುವಿನಲ್ಲಿ ಮಂಗಳೂರು-ಉಡುಪಿಯ ಕಡೆ ಹೊತ್ತು ಮುಳುಗುವುದು 6.50ರ ಹಾಗೆ. ಅಲ್ಲಿಂದ ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗಿಳಿಯುವ ತನಕದ ಹೊತ್ತನ್ನು ಖಗೋಳದವರು ನಾಗರಿಕ ಸಂಧ್ಯೆ ಎನ್ನುತ್ತಾರೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಬಹುಮಟ್ಟಿಗೆ ನೆಟ್ಟಗೆ ಕೆಳಗೆ ಹೋಗುವುದರಿಂದ ಈ ಸಂಧ್ಯೆ 22ರಿಂದ 24 ನಿಮಿಷಕ್ಕೆ ಮುಗಿದುಹೋಗುತ್ತದೆ. ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಜೂನ್ ತಿಂಗಳಲ್ಲಿ ಇದೇ ಯಂತ್ರ ಮುಕ್ಕಾಲು ಗಂಟೆ ಓಡುತ್ತದೆ, ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾನೆ. ಅವರು ಒಂಬತ್ತೂಕಾಲು ದಾಟುವ ತನಕ ಕಾಯಬೇಕು ಎಂಬುದು ಬೇರೆ ಮಾತು. ನಮಗೆ ಸಿಗುವುದು ಕಮ್ಮಿ, ಹಾಗಾಗಿ ನೆಂಟರ ಫೋನು ಈ ಅವಧಿಯಲ್ಲಿ ಎತ್ತಬಾರದು.

ಮೊದಲ ಐದು ನಿಮಿಷ ಏನೂ ಆಗುವುದಿಲ್ಲ. ಲೋಟದ ಕೆಂಪು ಉರಿಯುತ್ತಿರುತ್ತದೆ, ಗುಲಾಬಿ ಸಂಜೆಮಲ್ಲಿಗೆ ಜಂಬ ಹೊಡೆಯುತ್ತಿರುತ್ತದೆ, ಬಿಳಿ ಮಲ್ಲಿಗೆ ಮೂಲೆಯಲ್ಲಿ ಸಪ್ಪಗಿರುತ್ತದೆ. ಒಂದು ಗುಟುಕು ಕುಡಿಯಿರಿ.

ಆಮೇಲೆ ಶುರುವಾಗುವುದೇ ಯಂತ್ರದ ಅಸಲಿ ಕೆಲಸ. ಕಣ್ಣಿನ ಹಿಂದಿನ ಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಹಗಲಿನ ಪಾಳಿಗೆ ಸುಮಾರು 60 ಲಕ್ಷ ಶಂಕುಕೋಶಗಳು; ಬಣ್ಣ ಹೇಳುವುದು ಇವು. ರಾತ್ರಿ ಪಾಳಿಗೆ 12 ಕೋಟಿಯಷ್ಟು ದಂಡಕೋಶಗಳು. ಇವಕ್ಕೆ ಬಣ್ಣ ತಿಳಿಯದು, ಹೆಚ್ಚು-ಕಡಿಮೆ ಮಾತ್ರ ತಿಳಿಯುತ್ತದೆ. ಹಗಲಿನವು ಹೆಚ್ಚು ಸ್ಪಂದಿಸುವುದು ಹಳದಿ-ಹಸಿರಿಗೆ, 555 ನ್ಯಾನೊಮೀಟರಿನ ಬಳಿ. ರಾತ್ರಿಯವು ನೀಲಿ-ಹಸಿರಿಗೆ, 507ರ ಬಳಿ. ಕೆಂಪು ಬೆಳಕು ರಾತ್ರಿಯವಕ್ಕೆ ಕಾಣಿಸುವುದೇ ಇಲ್ಲ ಎನ್ನಬಹುದು. ಪಾಳಿ ಬದಲಾಗುವ ಈ ಹೊತ್ತಿನಲ್ಲಿ ಇಬ್ಬರೂ ಅರ್ಧಂಬರ್ಧ ಕೆಲಸ ಮಾಡುತ್ತಿರುತ್ತಾರೆ. ಪರಿಣಾಮ: ಲೋಟದ ಕೆಂಪು ಮೊದಲು ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಗುಲಾಬಿ ಹೂವು ಬೂದಿಯ ಕಡೆ ಸರಿಯುತ್ತದೆ. ಇಷ್ಟು ಹೊತ್ತು ಲೆಕ್ಕಕ್ಕಿಲ್ಲದ ಹಸಿರೆಲೆ ಕೆಂಪಿಗಿಂತ ತಿಳಿಯಾಗಿ ಮೇಲೆ ಬರುತ್ತದೆ. ಮೂಲೆಯ ಮಲ್ಲಿಗೆ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಒಂದು ವಸ್ತುವೂ ಕದಲಿಲ್ಲ, ಆದರೆ ಮೇಜಿನ ಮೇಲೆ ಸರ್ಕಾರ ಬದಲಾಗಿದೆ. ಮಾಡಿನ ಕೆಳಗೆ ಬೆಳಕು ಮೊದಲೇ ಕಡಿಮೆಯಿರುವುದರಿಂದ ಅಂಗಳಕ್ಕಿಂತ ಇಲ್ಲಿ ಇದು ಬೇಗ ನಡೆಯುತ್ತದೆ. ಅಲ್ಲಿ ಕೂರಿ ಎಂದದ್ದು ಅದಕ್ಕೇ.

ಇದನ್ನು ಕಂಡು ಬರೆದಿಟ್ಟವನು ಬೊಹೆಮಿಯದ ಯಾನ್ ಪುರ್ಕಿನ್ಯೆ. 1825ರ ಪುಸ್ತಕದಲ್ಲಿ ಮಬ್ಬುಬೆಳಕಿನಲ್ಲಿ ಬಣ್ಣಗಳ ಮೇಲುಕೀಳು ಹೇಗೆ ತಿರುಗುಮುರುಗಾಗುತ್ತದೆ ಎಂಬುದನ್ನು ವಿವರಿಸಿದ. ವೈದ್ಯಕೀಯ ಓದಿದವರಿಗೆ ಮಿದುಳಿನ ಮತ್ತು ಹೃದಯದ ಕೋಶಗಳಿಂದ ಆತನ ಹೆಸರು ಗೊತ್ತು. ಅದಕ್ಕೂ ಮೊದಲು, 1823ರಲ್ಲಿ, ಬೆರಳಚ್ಚನ್ನು ಒಂಬತ್ತು ಬಗೆಯಾಗಿ ವಿಂಗಡಿಸಿದವನೂ ಅವನೇ. ಈಗ ನಿಮ್ಮ ಲೋಟ ನೋಡಿ. ಕರಾವಳಿಯ ಮೇ ತಿಂಗಳ ಗಾಳಿಯಲ್ಲಿ ತಣ್ಣನೆಯ ಗಾಜು ಬೆವರಿ, ಅದರ ಮೇಲೆ ನಿಮ್ಮ ಹೆಬ್ಬೆರಳ ಗುರುತು ಬಿದ್ದಿರುತ್ತದೆ. ಒಂದೇ ಲೋಟದಲ್ಲಿ ಆ ಮಹಾಶಯನ ಎರಡು ಸಂಶೋಧನೆ. ಒರೆಸಬೇಡಿ.

ದೃಷ್ಟಿ ನೆಡುವ ರೀತಿಗೂ ಒಂದು ಸೂಚನೆ ಇದೆ. ಹಗಲಿನಲ್ಲಿ ಕಲಿತ ಹಾಗೆ ಹೂವನ್ನು ನೇರ ದಿಟ್ಟಿಸಿದರೆ ಕೊನೆಯ ನಿಮಿಷಗಳಲ್ಲಿ ಅದು ಕಣ್ಣಿನಿಂದ ಜಾರುತ್ತದೆ. ಕಣ್ಣಿನ ನಟ್ಟನಡುವೆ ದಂಡಕೋಶ ಇಲ್ಲ, ಸುತ್ತಲೂ ಇವೆ. ಹೂವಿಗಿಂತ ನಾಲ್ಕು ಬೆರಳು ಆಚೆ ನೋಡಿ, ಹೂವು ಬರುತ್ತದೆ. ಮಸುಕು ನಕ್ಷತ್ರ ನೋಡುವವರು ಮಾಡುವುದೂ ಇದನ್ನೇ.

ಕುಡಿಯುವ ಪ್ರಮಾಣ ಬೆಳಕಿನ ಜೊತೆ ಇಳಿಯಬೇಕು ಎಂಬುದು ಕೈಪಿಡಿಕಾರನ ಖಾಸಗಿ ಅಭಿಪ್ರಾಯ. ಮುಟ್ಟದೆ ಇಟ್ಟರೆ ಅದು ನೈವೇದ್ಯ. ಒಂದೇ ಏಟಿಗೆ ಖಾಲಿ ಮಾಡಿದರೆ ಮುಂದೆ ನೋಡಲು ಲೋಟವೇ ಇಲ್ಲ. ಕೆಂಪು ಕಾಣದಾದ ಮೇಲೆ ಕುಡಿದ ಗುಟುಕು ಹೆಚ್ಚು ಹುಳಿ ಎನಿಸುತ್ತದೆ. ಇದು ರಸಾಯನವಲ್ಲ, ಬಹುಶಃ ಬಣ್ಣ ನಾಲಿಗೆಗೆ ಸಕ್ಕರೆ ಹಾಕುತ್ತಿತ್ತು.

ತೊಂದರೆ ಮತ್ತು ಪರಿಹಾರ

ಒಳಗಿನಿಂದ “ಮೂರುಸಂಜೆ ಹೊತ್ತಲ್ಲಿ ಕತ್ತಲಲ್ಲಿ ಕೂತಿದ್ದೀರಲ್ಲ, ಲೈಟು ಹಾಕಬಾರದಾ?” ಎಂಬ ಧ್ವನಿ ಕೇಳಿದರೆ ಅದು ಯಂತ್ರದ ಸಹಜ ಸದ್ದು. ಗಾಬರಿ ಬೇಡ. ಆದರೆ ಧ್ವನಿಯ ಹಿಂದೆಯೇ ಸ್ವಿಚ್ಚಿನ ಸದ್ದೂ ಕೇಳಿದರೆ ಆಟ ಮುಗಿಯಿತು. ಟ್ಯೂಬ್‌ಲೈಟು ಬಿದ್ದ ಕ್ಷಣ ಹಗಲಿನ ಪಾಳಿಯವರೆಲ್ಲ ಓಡಿ ಬಂದು ಹಾಜರಿ ಹಾಕುತ್ತಾರೆ, ಕಣ್ಣು ಮತ್ತೆ ಕತ್ತಲಿಗೆ ಪೂರ್ತಿ ಹೊಂದಲು ಇಪ್ಪತ್ತು-ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ಸಂಜೆಯೇ ಇರುವುದಿಲ್ಲ. ಎಣ್ಣೆಯ ದೀಪ ತಂದಿಟ್ಟರೆ ಮಾತ್ರ ಬೇಡ ಎನ್ನಬೇಡಿ. ದೀಪದ ಉರಿಯಲ್ಲಿ ಕೆಂಪು ಹೆಚ್ಚು, ನೀಲಿ ಕಮ್ಮಿ. ಅದನ್ನು ಲೋಟದ ಹಿಂದೆ ಇಟ್ಟರೆ ಸತ್ತುಹೋಗಿದ್ದ ಪುನರ್ಪುಳಿ ತಟಕ್ಕನೆ ಎದ್ದು ಕೂರುತ್ತದೆ. ದೀಪ ಹಚ್ಚುವ ಹೊತ್ತು ಎಂದು ಅಜ್ಜಿಯಂದಿರು ಹಟ ಹಿಡಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ಲಾಭ ನಮಗೂ ಇದೆ.

ಕರೆಂಟು ಹೋದರೆ: ಇದು ದೋಷವಲ್ಲ, ಹೆಚ್ಚುವರಿ ಸೌಲಭ್ಯ. ಶುಲ್ಕವಿಲ್ಲ.

ಫೋಟೊ ಸರಿಯಾಗಿ ಬರುತ್ತಿಲ್ಲ ಎಂಬುದು ಅತಿ ಹೆಚ್ಚು ಬರುವ ದೂರು. ಸರಿಯಾಗಿ ಬರುವುದೇ ತೊಂದರೆ ಎಂಬುದು ನಮ್ಮ ಉತ್ತರ. ಫೋನಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಬೆಳಕು ಕೂಡಿಹಾಕುತ್ತದೆ. ನಿಮ್ಮ ಕಣ್ಣು ಆಗಲೇ ಬಿಟ್ಟುಕೊಟ್ಟ ಕೆಂಪನ್ನು ಅಗೆದು ತೆಗೆದು ಮೂರು ಗಂಟೆ ಮಧ್ಯಾಹ್ನದ ಹಾಗೆ ತೋರಿಸುತ್ತದೆ. ವಾಟ್ಸಾಪಿನಲ್ಲಿ ‘ಸಂಜೆ’ ಎಂದು ಬರೆದು ಕಳಿಸಿದರೆ ಯಾರೂ ನಂಬುವುದಿಲ್ಲ. ಬ್ರಹ್ಮಕಮಲ ಅರಳುವ ರಾತ್ರಿ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು, ಟಾರ್ಚು ಬಿಟ್ಟು, ಆರತಿ ಎತ್ತಿ, ಹೂವಿನ ಜೊತೆ ಸೆಲ್ಫಿ ತೆಗೆಯುವ ಸಂಪ್ರದಾಯ ಪ್ರತ್ಯೇಕ ಇಲಾಖೆಗೆ ಸೇರಿದ್ದು. ಅದಕ್ಕೆ ಈ ಕೈಪಿಡಿ ಅನ್ವಯಿಸುವುದಿಲ್ಲ.

ಸೊಳ್ಳೆ: ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೊತ್ತು ಮುಳುಗುವ ಮುನ್ನಿನ ತಾಸು ಬಹಳ ಪ್ರೀತಿ, ಆಮೇಲಿನ ಪಾಳಿಗೆ ಬೇರೆಯವು ಬರುತ್ತವೆ. ಕಾಲಿಗೆ ಹೊದಿಕೆ ಹಾಕಿಕೊಳ್ಳಿ. ಸೊಳ್ಳೆಬತ್ತಿ ಹಚ್ಚಿದರೆ ಹೂವಿನ ಪರಿಮಳ ಹೋಯಿತು. ಹಚ್ಚದಿದ್ದರೆ ರಕ್ತ ಹೋಯಿತು. ಫ್ಯಾನು ನಡುದಾರಿ.

ಮನಸ್ಸಿಗೆ ಏನೂ ಅನಿಸುತ್ತಿಲ್ಲ ಎನ್ನುವವರೂ ಇದ್ದಾರೆ. ಅನಿಸಲೇಬೇಕೆಂದು ಎಲ್ಲಿಯೂ ಹೇಳಿಲ್ಲ. ಕೆಂಪು ಕಪ್ಪಾದದ್ದು ಕಂಡಿತೇ? ಕಂಡಿದ್ದರೆ ಯಂತ್ರ ಸರಿಯಾಗಿದೆ.

ಇತರ ಮಾದರಿಗಳು

ಬೆಂಗಳೂರಿನ ಬಾಲ್ಕನಿಯಲ್ಲಿರುವವರಿಗೆ ಸ್ಟೀಲ್ ಲೋಟದ ಕಾಫಿ ಮಾದರಿ ಲಭ್ಯ. ಒಳಗಿನದು ಕಾಣದು, ಆದರೆ ಲೋಟದ ಹೊಳಪಿನಲ್ಲಿ ಹೂವು ಉದ್ದಕ್ಕೆ ಎಳೆದಂತೆ ಕಾಣುತ್ತದೆ. ಎದುರು ಅಪಾರ್ಟ್‌ಮೆಂಟೂ ಕಾಣುತ್ತದೆ. ಕಾಫಿಗೆ ಹಗಲೂ ಒಂದೇ ಇರುಳೂ ಒಂದೇ, ಹಾಗಾಗಿ ಬದಲಾವಣೆಯ ಹೊಣೆ ಪೂರ್ತಿ ಹೂವಿನ ಮೇಲೆ. ಡಚ್ ಗುಲಾಬಿ ಕೆಂಪಿನದೇ ತನ್ನಿ, ಬೇಗ ಕಪ್ಪಾಗುತ್ತದೆ. ಹೂವು ಹೆಚ್ಚಾದಷ್ಟೂ ಒಳ್ಳೆಯದು ಎಂದು ಬಗೆದವರು ಜನವರಿ ಅಥವಾ ಆಗಸ್ಟಿನಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಹೋಗಿ ಕ್ಯೂ ನಿಲ್ಲಬಹುದು. ಅಲ್ಲಿ ನಿಮಗೆ ಹೂವಿಗಿಂತ ಮುಂದಿನವರ ಕತ್ತು ಚೆನ್ನಾಗಿ ಕಾಣುತ್ತದೆ.

ಮದ್ಯದ ಮಾದರಿಯೂ ಉಂಟು. ಅದರ ಅತಿ ಪ್ರಸಿದ್ಧ ಪ್ರತಿ, ಮೇಲೆ ಹೇಳಿದ ಮಾನೆಯದೇ, 1882ರ ‘ಫೋಲಿ ಬೆರ್ಜೇರ್‌ನ ಬಾರ್’, ಲಂಡನ್ನಿನ ಕೋರ್ಟಾಲ್ಡ್‌ನಲ್ಲಿದೆ. ಅಮೃತಶಿಲೆಯ ಕೌಂಟರಿನ ಮೇಲೆ ಶಾಂಪೇನು, ಕೆಂಪು ತ್ರಿಕೋನದ ಬೀರು ಬಾಟಲಿ, ಕಿತ್ತಳೆ, ನಡುವೆ ಪುಟ್ಟ ಗ್ಲಾಸಿನಲ್ಲಿ ಎರಡು ಗುಲಾಬಿ. ಹಿಂದಿನ ಕನ್ನಡಿಯಲ್ಲಿ ಪ್ರತಿಬಿಂಬ ಸರಿಯಿದೆಯೋ ತಪ್ಪಿದೆಯೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ನೀವು ಆ ಎರಡು ಗುಲಾಬಿ ನೋಡಿಕೊಂಡು ಮುಂದೆ ಹೋಗಿ.

ಬಳಕೆಯ ನಂತರ

ಸಂಜೆಮಲ್ಲಿಗೆ ಬೆಳಗಿಗೆ ಮುದುಡಿ ಹಗ್ಗವಾಗಿರುತ್ತದೆ, ಗಿಡದ ಬುಡಕ್ಕೆ ಹಾಕಿ. ಉಳಿದ ಮಲ್ಲಿಗೆಯನ್ನು ವಾರಸುದಾರರಿಗೆ ಒಪ್ಪಿಸಿ. ಲೋಟವನ್ನು ಅದೇ ರಾತ್ರಿ ತೊಳೆಯದಿದ್ದರೆ ಇರುವೆ ಬರುತ್ತದೆ. ಆ ಬಾಬ್ತಿನ ದೂರನ್ನು ನಾವು ಸ್ವೀಕರಿಸುವುದಿಲ್ಲ.

ಹಿಂಡಿದ ಸಿಪ್ಪೆಯಲ್ಲಿ ಹುಳಿ ಇನ್ನೂ ಸಾಕಷ್ಟಿರುತ್ತದೆ. ಅದನ್ನು ಮತ್ತೆ ನೀರಿನಲ್ಲಿ ಕುದಿಸಿ, ಉಪ್ಪು, ಒಂದು ಹಸಿಮೆಣಸು, ಈ ಸಲ ತಕರಾರಿಲ್ಲದೆ ಬೆಲ್ಲ. ಬೆಳ್ಳುಳ್ಳಿ ತಿನ್ನುವ ಮನೆಯಾದರೆ ನಾಲ್ಕು ಎಸಳು ಜಜ್ಜಿ ತುಪ್ಪದಲ್ಲಿ ಕೆಂಪಗೆ ಹುರಿದು ಒಗ್ಗರಣೆ ಕೊಡಿ. ತಿನ್ನದವರು ಜೀರಿಗೆ ಹಾಕಲಿ. ರಾತ್ರಿ ಅನ್ನಕ್ಕೆ ಸಾರಾಯಿತು. ಇದನ್ನು ಮಾತ್ರ ಲೈಟು ಹಾಕಿಕೊಂಡು ಉಣ್ಣಿ, ಮೆಣಸಿನಕಾಯಿ ಎಲ್ಲಿದೆಯೆಂದು ಕಾಣಬೇಕು.